ಎತ್ತಿಟ್ಟ ನೆಲ: ಯೆಹೆಜ್ಕೇಲನ ನಕ್ಷೆ ಮತ್ತು ಕಲ್ಯಾಣ ಸೀಮೆಯ ಇನಾಮು ಹೊಲ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೆಹೆಜ್ಕೇಲನ ಗ್ರಂಥವನ್ನು ಓದಲು ತೊಡಗುವವರು ಹಲವರು, ಮುಗಿಸುವವರು ಕೆಲವರು. ಆರಂಭದಲ್ಲಿ ಬೆಂಕಿ ಉಗುಳುವ ರಥದ ದರ್ಶನವಿದೆ, ನಡುವೆ ಒಣಗಿದ ಎಲುಬುಗಳಿಗೆ ಜೀವ ಬರುವ ಕಣಿವೆಯಿದೆ. ಕೊನೆಯ ಒಂಬತ್ತು ಅಧ್ಯಾಯಗಳಿಗೆ ಬಂದರೆ ಕಾವ್ಯವೆಲ್ಲ ಬತ್ತಿ ಬರೀ ಅಳತೆ ಉಳಿಯುತ್ತದೆ. ಕೈಯಲ್ಲಿ ನಾರಿನ ಹುರಿ, ಅಳೆಯುವ ಕೋಲು ಹಿಡಿದ ಒಬ್ಬಾತ ಪ್ರವಾದಿಯನ್ನು ಬೆಟ್ಟದ ಮೇಲೆ ನಿಲ್ಲಿಸಿ ಗೋಡೆ, ಬಾಗಿಲು, ಅಂಗಳ, ಹೊಸ್ತಿಲು ಎಂದು ಅಳೆಯುತ್ತಲೇ ಹೋಗುತ್ತಾನೆ. ದೇವಾಲಯ ಮುಗಿದ ಮೇಲೆ ದೇಶದ ಸರದಿ. ಯಾರಿಗೆ ಎಷ್ಟು ನೆಲ, ಯಾರ ಪಕ್ಕದಲ್ಲಿ ಯಾರು, ಯಾವ ನೆಲವನ್ನು ಮಾರಬಹುದು, ಯಾವುದನ್ನು ಮಾರಬಾರದು. ಉಪದೇಶಿಗಳು ಸಾಮಾನ್ಯವಾಗಿ ದಾಟಿಹೋಗುವ ಭಾಗವಿದು. ಆದರೆ ನಿರ್ಣಾ, ಹುಮನಾಬಾದ್, ಬಸವಕಲ್ಯಾಣದ ಕಡೆಯವರು ಈ ಪುಟಗಳನ್ನು ದಾಟಿಹೋಗುವ ಹಾಗಿಲ್ಲ. ಇನಾಮಿ ಜಮೀನು, ಮಸೀದಿ ಹೊಲ, ಗುಡಿಯ ಮಾನ್ಯ, ಪಹಣಿ, ಪಟ್ಟಾ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವರಿಗೆ ಇದು ದರ್ಶನದ ಭಾಷೆಗಿಂತ ಹೆಚ್ಚಾಗಿ ತಹಸಿಲ್ ಕಚೇರಿಯ ಭಾಷೆ.

ಮೊದಲು ಮೂಲದ ಮಾತು. ಯೆಹೆಜ್ಕೇಲ ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿಗೆ ಸೆರೆಯಾಗಿ ಹೋದವರ ಜೊತೆಗಿದ್ದವನು. ಈ ದರ್ಶನಕ್ಕೆ ಅವನೇ ಕೊಡುವ ಕಾಲ ಸೆರೆವಾಸದ 25ನೆಯ ವರ್ಷ, ಅಂದರೆ ಕ್ರಿ.ಪೂ. 573. ಆಗ ಜೆರೂಸಲೇಮ್ ಸುಟ್ಟು 14 ವರ್ಷವಾಗಿತ್ತು. ದೇವಾಲಯವಿಲ್ಲ, ಅರಸನಿಲ್ಲ, ಊರಿಲ್ಲ, ಹೊಲವಿಲ್ಲ. ಕೈಯಲ್ಲಿ ಒಂದು ಗೇಣು ನೆಲವೂ ಇಲ್ಲದವನು ಇಡೀ ದೇಶದ ಸರ್ವೆ ಮಾಡಿಸುತ್ತಿದ್ದಾನೆ. ಅವನು ಸ್ವತಃ ಯಾಜಕರ ಮನೆಯವನು ಎಂಬುದನ್ನೂ ಮರೆಯಬಾರದು. ಯಾಜಕರಿಗೆ ಎಷ್ಟು ನೆಲ ಎಂದು ಬರೆಯುವವನು ಯಾಜಕನೇ ಆದಾಗ ಓದುಗ ಸ್ವಲ್ಪ ಅನುಮಾನದಿಂದಲೇ ಓದಬೇಕಾಗುತ್ತದೆ.

ಯೋಜನೆ ಇಷ್ಟು. ದೇಶವನ್ನು ಹನ್ನೆರಡು ಕುಲಗಳಿಗೆ ಅಡ್ಡಪಟ್ಟಿಗಳಾಗಿ ಹಂಚಬೇಕು. ಹಂಚುವಾಗ ನಡುವೆ ಒಂದು ಭಾಗವನ್ನು ಎತ್ತಿಡಬೇಕು. 25,000 ಉದ್ದ, 25,000 ಅಗಲದ ಚೌಕ. ಹೀಬ್ರೂ ಮೂಲದ ಈ ಸಾಲುಗಳಲ್ಲಿ ಅಳತೆಯ ಮಾನವನ್ನೇ ಹೇಳಿಲ್ಲ. ಅನುವಾದಕರು ಮೊಳ ಎಂದು ತುಂಬಿಕೊಂಡಿದ್ದಾರೆ. ಅವನ ಉದ್ದನೆಯ ಮೊಳದ ಲೆಕ್ಕ ಹಿಡಿದರೆ ಚೌಕದ ಒಂದು ಬದಿ ಸುಮಾರು 13 ಕಿಲೋಮೀಟರು. ಅದರೊಳಗೆ 10,000 ಅಗಲದ ಒಂದು ಪಟ್ಟಿ ಯಾಜಕರಿಗೆ, ಅಷ್ಟೇ ಅಗಲದ ಇನ್ನೊಂದು ಲೇವಿಯರಿಗೆ, ಉಳಿದ 5,000ದ ಪಟ್ಟಿ ಎಲ್ಲರ ಪಟ್ಟಣಕ್ಕೆ. ಯಾಜಕರ ಪಟ್ಟಿಯ ನಡುವೆ 500ಕ್ಕೆ 500ರ ಪವಿತ್ರ ಸ್ಥಳ, ಅದರ ಸುತ್ತ 50 ಮೊಳ ಬಯಲು. ಯಾಜಕರ ಪಟ್ಟಿಯನ್ನು ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 16-17 ಸಾವಿರ ಎಕರೆಯಾಗುತ್ತದೆ. ಮೇಲುನೋಟಕ್ಕೆ ಇದು ಪುರೋಹಿತಶಾಹಿಯ ಅತಿ ದೊಡ್ಡ ಇನಾಮು ಪತ್ರ.

ಆದರೆ ಒಂದು ಅಧ್ಯಾಯ ಹಿಂದೆ, 44ರಲ್ಲಿ, ಇದಕ್ಕೆ ತದ್ವಿರುದ್ಧವಾದ ಮಾತಿದೆ. ಯಾಜಕರಿಗೆ ಇಸ್ರಾಯೇಲಿನಲ್ಲಿ ಯಾವ ಸ್ವತ್ತನ್ನೂ ಕೊಡಬಾರದು, ದೇವರೇ ಅವರ ಸ್ವತ್ತು ಎಂದು ಅಲ್ಲಿ ಹೇಳಲಾಗಿದೆ. ಹಾಗಾದರೆ 45ರಲ್ಲಿ ಕೊಟ್ಟದ್ದೇನು? ಬಹಳ ಜನ ಇದನ್ನು ಪ್ರವಾದಿಯ ಮರೆವು ಎಂದೋ ಬೇರೆ ಕೈಯ ಸೇರ್ಪಡೆ ಎಂದೋ ಹೇಳಿ ಮುಗಿಸುತ್ತಾರೆ. ಪದಗಳನ್ನು ಹಿಡಿದು ಓದಿದರೆ ಬೇರೆ ಅರ್ಥ ಹೊರಡುತ್ತದೆ. ಹೀಬ್ರೂವಿನಲ್ಲಿ ಸ್ವಾಧೀನದ ಆಸ್ತಿಗೆ 'ಅಹುಝ್ಝಾ' ಎನ್ನುತ್ತಾರೆ. 45ನೆಯ ಅಧ್ಯಾಯ ಈ ಪದವನ್ನು ಲೇವಿಯರ ಪಟ್ಟಿಗೆ ಬಳಸುತ್ತದೆ, ಪಟ್ಟಣದ ನೆಲಕ್ಕೆ ಬಳಸುತ್ತದೆ, ಪ್ರಭುವಿನ ಭಾಗಕ್ಕೂ ಬಳಸುತ್ತದೆ. ಯಾಜಕರ ಪಟ್ಟಿಗೆ ಮಾತ್ರ ಬಳಸುವುದಿಲ್ಲ. ಅವರಿಗೆ ಅದು ಮನೆ ಕಟ್ಟಿಕೊಳ್ಳುವ ಸ್ಥಳ, ಅಷ್ಟೆ. ಆ ನೆಲದ ಹೆಸರು 'ತೆರುಮಾ', ಎತ್ತಿಟ್ಟದ್ದು. ಬೆಳೆಯಲ್ಲಿ ಮೊದಲು ತೆಗೆದಿಡುವ ಪಾಲಿಗೂ ಹೀಬ್ರೂವಿನಲ್ಲಿ ಇದೇ ಹೆಸರು. ರಾಶಿ ಮಾಡುವಾಗ ಚೀಲ ತುಂಬುವ ಮೊದಲು ಆಯ ತೆಗೆದಿಡುವ ಪದ್ಧತಿ ಕಂಡ ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಎತ್ತಿಟ್ಟದ್ದು ಎತ್ತಿಟ್ಟವನದೂ ಅಲ್ಲ, ಕಾಯುವವನದೂ ಅಲ್ಲ. 48ನೆಯ ಅಧ್ಯಾಯ ಇನ್ನೊಂದು ಗಂಟು ಹಾಕುತ್ತದೆ: ಈ ನೆಲವನ್ನು ಮಾರಕೂಡದು, ಬದಲಿ ಮಾಡಕೂಡದು, ಇನ್ನೊಬ್ಬರಿಗೆ ದಾಟಿಸಕೂಡದು.

ಅಂದರೆ ಈ ನಕ್ಷೆ ಯಾಜಕರಿಗೆ ನೆಲ ಕೊಡುತ್ತಿಲ್ಲ, ಅವರ ಸುತ್ತ ಬೇಲಿ ಹಾಕುತ್ತಿದೆ. ಇಲ್ಲಿ ಇರು, ಇದರ ಆಚೆ ಕೈ ಚಾಚಬೇಡ, ಇದನ್ನು ನಿನ್ನದು ಎನ್ನಬೇಡ. ತೋರಾದ ಹಿನ್ನೆಲೆಯಲ್ಲಿ ನೋಡಿದರೆ ಇದು ಹೊಸದೂ ಅಲ್ಲ. ಆದಿಕಾಂಡದ 47ನೆಯ ಅಧ್ಯಾಯದಲ್ಲಿ, ಬರಗಾಲದ ಈಜಿಪ್ಟಿನಲ್ಲಿ, ಜನರೆಲ್ಲ ಹೊಟ್ಟೆಪಾಡಿಗೆ ತಮ್ಮ ಹೊಲಗಳನ್ನು ಫರೋಹನಿಗೆ ಬರೆದುಕೊಡುತ್ತಾರೆ. ಪುರೋಹಿತರ ನೆಲ ಮಾತ್ರ ಉಳಿಯುತ್ತದೆ, ಏಕೆಂದರೆ ಅವರಿಗೆ ಅರಮನೆಯಿಂದಲೇ ಅನ್ನ ಬರುತ್ತಿತ್ತು. ಹಝ್ರತ್ ಯೂಸುಫ್(ಅ)ರ ಕಥೆಯನ್ನು ಕುರ್‌ಆನ್‌ನಲ್ಲಿ ಓದಿದ ನಮಗೆ ಈ ವಿವರ ಅಪರಿಚಿತ. ಅಲ್ಲಿ ಇದರ ಪ್ರಸ್ತಾಪವಿಲ್ಲ. ಈಜಿಪ್ಟಿನಲ್ಲಿ ಜನ ನೆಲ ಕಳೆದುಕೊಂಡರು, ಪುರೋಹಿತರು ಉಳಿಸಿಕೊಂಡರು. ಅಲ್ಲಿಂದ ಹೊರಟು ಬಂದವರ ಧರ್ಮಶಾಸ್ತ್ರ ಇದನ್ನು ತಲೆಕೆಳಗು ಮಾಡಿತು. ಜನರಿಗೆಲ್ಲ ನೆಲ, ಲೇವಿ ಕುಲಕ್ಕೆ ಮಾತ್ರ ಪಾಲಿಲ್ಲ. ಅವರಿಗೆ ವಾಸಕ್ಕೆ ಊರುಗಳು, ದನ ಮೇಯಲು ಹುಲ್ಲುಗಾವಲು. ಯಾಜಕಕಾಂಡವಂತೂ ಇನ್ನೂ ಮುಂದೆ ಹೋಗಿ ಇಡೀ ನೆಲ ದೇವರದು, ನೀವೆಲ್ಲ ಅದರ ಮೇಲಿನ ಒಕ್ಕಲುಗಳು ಎಂದುಬಿಡುತ್ತದೆ.

ಯೆಹೆಜ್ಕೇಲನ ನಿಜವಾದ ಸಿಟ್ಟು ಇರುವುದು ಅರಸರ ಮೇಲೆ. 43ನೆಯ ಅಧ್ಯಾಯದಲ್ಲಿ ದೇವರ ದೂರು ಕುತೂಹಲಕರವಾಗಿದೆ. ಅರಸರು ತಮ್ಮ ಹೊಸ್ತಿಲನ್ನು ನನ್ನ ಹೊಸ್ತಿಲ ಪಕ್ಕದಲ್ಲೇ ಇಟ್ಟರು, ನಮ್ಮಿಬ್ಬರ ನಡುವೆ ಒಂದು ಗೋಡೆ ಮಾತ್ರ ಇತ್ತು ಎಂಬುದು ಆ ದೂರು. ಸುಲೈಮಾನನ ಕಾಲದಿಂದ ಅರಮನೆ ಮತ್ತು ದೇವಾಲಯ ಒಂದೇ ಆವರಣದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಹೊಸ ನಕ್ಷೆಯಲ್ಲಿ ಪವಿತ್ರ ಸ್ಥಳ ಯಾಜಕರ ಪಟ್ಟಿಯ ನಡುವೆ, ಪಟ್ಟಣ ಬೇರೆ ಪಟ್ಟಿಯಲ್ಲಿ, ಪ್ರಭುವಿನ ನೆಲ ಚೌಕದ ಹೊರಗೆ ಎರಡು ಬದಿಗೆ. ಯಾಜಕರ ಆ 10,000ದ ಪಟ್ಟಿ ಅರಸನ ಹೊಸ್ತಿಲನ್ನು ದೇವರ ಹೊಸ್ತಿಲಿಂದ ದೂರ ಇಡುವ ಅಂತರ. ಪ್ರಭುವಿಗೂ ಗಡಿ ಗೊತ್ತುಮಾಡಿದ್ದಾನೆ. ಅವನು ತನ್ನ ಸೇವಕನಿಗೆ ನೆಲ ಕೊಟ್ಟರೆ ಬಿಡುಗಡೆಯ ವರ್ಷದಲ್ಲಿ ಅದು ವಾಪಸು ಬರಬೇಕು. ಜನರ ಪಾಲಿನಿಂದ ಕಿತ್ತು ಮಕ್ಕಳಿಗೆ ಹಂಚುವಂತಿಲ್ಲ. ಈ ಹಂಚಿಕೆಯ ನಡುವೆಯೇ ಅರಸರಿಗೆ ಒಂದು ಗದರಿಕೆ ಬರುತ್ತದೆ: ನನ್ನ ಜನರನ್ನು ಒಕ್ಕಲೆಬ್ಬಿಸುವುದನ್ನು ನಿಲ್ಲಿಸಿರಿ. ಅಲ್ಲಿರುವ ಹೀಬ್ರೂ ಪದದ ಧಾತು ಹೊರಗಟ್ಟುವುದು ಎಂಬ ಅರ್ಥದ್ದು. ಇಂಗ್ಲಿಷ್ ಅನುವಾದಗಳು ಅದಕ್ಕೆ ತಡವರಿಸುತ್ತವೆ. ಕನ್ನಡದ 'ಒಕ್ಕಲೆಬ್ಬಿಸು' ಅದಕ್ಕೆ ಹೇಳಿ ಮಾಡಿಸಿದಂತಿದೆ.

ಯೆಹೆಜ್ಕೇಲನನ್ನು ಇಸ್ಲಾಮೀ ಪರಂಪರೆ ಹಿಝ್ಕೀಲ್ ಎಂದು ಬಲ್ಲದು. ಸಾವಿಗೆ ಹೆದರಿ ಮನೆ ಬಿಟ್ಟ ಸಾವಿರಾರು ಜನ ಸತ್ತು ಮತ್ತೆ ಜೀವ ಪಡೆದ ಅಲ್ ಬಕರ ಅಧ್ಯಾಯದ ಪ್ರಸಂಗವನ್ನು ಹಲವು ವ್ಯಾಖ್ಯಾನಕಾರರು ಅವರ ಹೆಸರಿಗೇ ಜೋಡಿಸಿದ್ದಾರೆ. ಕುರ್‌ಆನ್‌ನಲ್ಲಿ ಬರುವ ಝುಲ್‌ಕಿಫ್ಲ್ ಇವರೇ ಎಂದು ನಂಬುವವರೂ ಇದ್ದಾರೆ. ಇರಾಕಿನ ಅಲ್ ಕಿಫ್ಲ್ ಪಟ್ಟಣದ ಸಮಾಧಿಗೆ ಯಹೂದಿಗಳೂ ಮುಸ್ಲಿಮರೂ ಶತಮಾನಗಳ ಕಾಲ ಒಟ್ಟಿಗೆ ಹೋಗುತ್ತಿದ್ದರು. ಹೆಸರಿನ ನಂಟಿಗಿಂತ ಗಟ್ಟಿಯಾದ ನಂಟು ಖೈಬರಿನ ಹೊಲದ್ದು. ಹಝ್ರತ್ ಉಮರ್(ರ)ರಿಗೆ ಖೈಬರಿನಲ್ಲಿ ಒಳ್ಳೆಯ ಜಮೀನು ಸಿಕ್ಕಿತು. ಅದನ್ನು ಏನು ಮಾಡಲಿ ಎಂದು ಪ್ರವಾದಿ(ಸ)ಯವರನ್ನು ಕೇಳಿದಾಗ, ಮೂಲವನ್ನು ಹಿಡಿದಿಟ್ಟು ಅದರ ಉತ್ಪನ್ನವನ್ನು ದಾನಕ್ಕೆ ಬಿಡುವಂತೆ ಅವರು ಸೂಚಿಸಿದರು. ಆ ಜಮೀನನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ವಾರಸಿಗೆ ಬಿಡುವಂತಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿರುವ ಈ ಪ್ರಸಂಗವೇ ವಕ್ಫ್ ಕಾನೂನಿನ ತಾಯಿಬೇರು. ಯೆಹೆಜ್ಕೇಲನ ಮೂರು ನಿಷೇಧಗಳಿಗೂ ಇಲ್ಲಿನ ಮೂರು ನಿಷೇಧಗಳಿಗೂ ಇರುವ ಹೋಲಿಕೆ ಎದ್ದು ಕಾಣುತ್ತದೆ.

ವ್ಯತ್ಯಾಸ ಫಲಾನುಭವಿಗಳ ಪಟ್ಟಿಯಲ್ಲಿದೆ. ಉಮರ್(ರ)ರ ಪಟ್ಟಿಯಲ್ಲಿ ಬಡವರು, ಬಂಧುಗಳು, ಬಿಡುಗಡೆಯಾಗಬೇಕಾದ ಗುಲಾಮರು, ದಾರಿಹೋಕರು, ಅತಿಥಿಗಳು ಬರುತ್ತಾರೆ. ಇಮಾಮ್ ಇಲ್ಲ, ಖತೀಬ್ ಇಲ್ಲ, ಪೀರ್ ಇಲ್ಲ. ಉಸ್ತುವಾರಿ ನೋಡುವವನು ಅದರಿಂದ ವಾಡಿಕೆಯ ಮಿತಿಯಲ್ಲಿ ಉಣ್ಣಬಹುದು, ಆಸ್ತಿ ಮಾಡಿಕೊಳ್ಳುವಂತಿಲ್ಲ. ಯಾಜಕ ವರ್ಗವೇ ಇಲ್ಲದ ಧರ್ಮದಲ್ಲಿ ಯಾಜಕರಿಗೆಂದು ನೆಲ ಎತ್ತಿಡುವ ಪ್ರಶ್ನೆಯೇ ಬರಲಿಲ್ಲ. ಇನ್ನೊಂದು ಸಂಗತಿಯನ್ನು ನಮ್ಮ ಜಮಾಅತ್‌ಗಳು ಯಾಕೋ ನೆನಪಿಸಿಕೊಳ್ಳುವುದಿಲ್ಲ. ಅಬೂದಾವೂದ್‌ನಲ್ಲಿರುವ ವರದಿಯಂತೆ ಆ ವಕ್ಫಿನ ಉಸ್ತುವಾರಿಯನ್ನು ಉಮರ್(ರ) ತಮ್ಮ ಮಗಳು ಹಫ್ಸಾ(ರ)ರಿಗೆ ವಹಿಸಿದ್ದರು. ವಕ್ಫ್ ಕಾನೂನಿನ ಮೊದಲ ಪುಟದಲ್ಲೇ ಒಬ್ಬ ಹೆಣ್ಣುಮಗಳು ಮುತವಲ್ಲಿಯಾಗಿದ್ದಾರೆ.

ಈ ಎರಡು ಗ್ರಂಥಗಳಿಂದ ಕಲ್ಯಾಣ ಸೀಮೆಗೆ ಬಂದರೆ ಕಾಣುವುದು ಬೇರೆಯದೇ ಚಿತ್ರ. ಇಲ್ಲಿ ನೆಲವನ್ನು ಎತ್ತಿಟ್ಟವರು ಅರಸರು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಆಚಾರ್ಯರ ಕಾಲು ತೊಳೆದು, ನೀರು ಎರೆದು, ಇಷ್ಟು ಮತ್ತರು ಎಂದು ಗಡಿ ಹೇಳಿ, ತೆರಿಗೆ ಬಿಟ್ಟು ಕೊಟ್ಟ ದತ್ತಿಗಳಿಗೆ ಲೆಕ್ಕವಿಲ್ಲ. ಕೊನೆಯಲ್ಲಿ ಶಾಪ: ಇದನ್ನು ಕಿತ್ತವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ನ್ಯಾಯವಾಗಿ ಹೇಳಬೇಕೆಂದರೆ ಈ ದತ್ತಿಗಳೆಲ್ಲ ಪೂಜಾರಿಯ ಹೊಟ್ಟೆಗೇ ಹೋದವಲ್ಲ. ಬಿಜ್ಜಳನ ಕಾಲದ, 1162ರ ಬಳ್ಳಿಗಾವಿಯ ಶಾಸನ ಕೋಡಿಯಮಠವನ್ನು ಬಣ್ಣಿಸುವಾಗ ವಿದ್ಯೆಯ ಜೊತೆಗೆ ಕುರುಡರು, ಕುಂಟರು, ಕಿವುಡರು, ಭಿಕ್ಷುಕರ ಊಟವನ್ನೂ ರೋಗಿಗಳ ಚಿಕಿತ್ಸೆಯನ್ನೂ ಹೇಳುತ್ತದೆ. ಉಮರ್(ರ)ರ ಪಟ್ಟಿಗೆ ಇದು ದೂರದ್ದೇನಲ್ಲ. ಅದೇ ದಶಕಗಳಲ್ಲಿ, ಅದೇ ಬಿಜ್ಜಳನ ಕಲ್ಯಾಣದಲ್ಲಿ, ಶರಣರು ಈ ಏರ್ಪಾಟನ್ನೇ ಬದಿಗಿಟ್ಟರು. ಬಾಗೇವಾಡಿಯ ಅಗ್ರಹಾರದಲ್ಲಿ ಹುಟ್ಟಿದ ಬಸವಣ್ಣ ದತ್ತಿಯ ನೆಲದ ಮೇಲೆ ಬೆಳೆಯುವ ಧರ್ಮ ಎಂಥದ್ದೆಂದು ಹುಟ್ಟಿನಿಂದಲೇ ಬಲ್ಲವರು. ಜಂಗಮನ ಊಟ ದತ್ತಿಯಿಂದ ಬರಬೇಕಿಲ್ಲ, ಕಾಯಕದಿಂದ ಬರಬೇಕು ಎಂದರು. ಆಯ್ದಕ್ಕಿ ಮಾರಯ್ಯ ಅಂದಿನ ಪಾಲಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದ ಕಥೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಾಳೆಗೆಂದು ಒಂದು ಸೇರು ಅಕ್ಕಿಯನ್ನೂ ಎತ್ತಿಡದವರು ನೆಲ ಎತ್ತಿಡುವುದೆಲ್ಲಿಂದ? ಮುಂದೆ ಅವರ ಹೆಸರಿನ ಮಠಗಳಿಗೂ ಜಮೀನುಗಳು ಬಂದವು.

ಸೂಫಿಗಳ ಕಥೆಯೂ ಇದೇ ದಾರಿಯಲ್ಲಿ ನಡೆಯಿತು. ಗುಲ್ಬರ್ಗದ ಹಝ್ರತ್ ಗೇಸೂದರಾಝರ ಮನೆತನಕ್ಕೆ ಬಹಮನಿ ಸುಲ್ತಾನ ಅಹ್ಮದ್ ಶಾಹ ಹಳ್ಳಿಗಳನ್ನೇ ಬಿಟ್ಟುಕೊಟ್ಟ. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ, ಫಕೀರರ ಮಕ್ಕಳು ಮೊಮ್ಮಕ್ಕಳು ಇನಾಮುದಾರರಾಗಿ ದರಬಾರಿನ ಜನವಾದ ಬಗೆಯನ್ನು ವಿವರವಾಗಿ ತೋರಿಸಿದ್ದಾರೆ. ಅರಸನಿಂದ ಜಮೀನು ಪಡೆದ ಪೀರ್‌ಝಾದೆ ಅರಸನಿಗೆ ಎದುರು ಮಾತಾಡುವುದು ಕಷ್ಟ. ಯೆಹೆಜ್ಕೇಲ ಒಡೆದು ದೂರ ಇಟ್ಟ ಎರಡು ಹೊಸ್ತಿಲುಗಳನ್ನು ಇನಾಮು ಪತ್ರ ಮತ್ತೆ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿತು.

ನಿಜಾಮರ ಕಾಲಕ್ಕೆ ಇದಕ್ಕೊಂದು ದೊಡ್ಡ ದಫ್ತರವೇ ಬಂತು. ಗುಡಿ, ಮಠ, ಮಸೀದಿ, ದರ್ಗಾ, ಆಶೂರಖಾನೆ ಎಲ್ಲಕ್ಕೂ ಇನಾಮುಗಳಿದ್ದವು. ಅವುಗಳಲ್ಲಿ ಎರಡು ಜಾತಿ. ಮದದ್‌-ಎ-ಮಆಶ್ ಎಂದರೆ ಬದುಕಿಗೆ ನೆರವು, ಅದು ವ್ಯಕ್ತಿಗೆ. ಮಶ್ರೂತ್‌-ಉಲ್‌-ಖಿದ್ಮತ್ ಎಂದರೆ ಸೇವೆಯ ಷರತ್ತಿನದು, ಅದು ಕೆಲಸಕ್ಕೆ. ಬಾಂಗ್ ಕೂಗುವವನು, ಖತೀಬ್, ಮುಜಾವರ್, ಗುಡಿಯ ಪೂಜಾರಿ ಸೇವೆ ಮಾಡುವ ತನಕ ಹೊಲದ ಉತ್ಪನ್ನ ಉಣ್ಣಬೇಕು, ಸೇವೆ ಬಿಟ್ಟರೆ ಹೊಲ ಬಿಡಬೇಕು. ಕಾಗದದ ಮೇಲೆ ಇದು ಯೆಹೆಜ್ಕೇಲನ ತತ್ವಕ್ಕೆ ಹತ್ತಿರವಾದದ್ದು. ವಾಸ್ತವದಲ್ಲಿ ಸೇವೆ ವಂಶಪಾರಂಪರ್ಯವಾಯಿತು, ಅದರ ಬೆನ್ನಿಗೆ ಹೊಲವೂ ವಂಶಪಾರಂಪರ್ಯವಾಯಿತು. ಮುಂತಖಬ್ ಎಂಬ ಸನದು ಮನೆಯ ಪೆಟ್ಟಿಗೆ ಸೇರಿತು. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಮಸೀದಿ ಹೊಲ ಎಂಬುದು ಮುಲ್ಲಾನ ಹೊಲವಾಯಿತು, ದೇವರ ಮಾನ್ಯ ಪೂಜಾರಿಯ ಅಣ್ಣತಮ್ಮಂದಿರ ಪಾಲಾಯಿತು. ದೇವರ ಹೊಲಕ್ಕೆ ಕೈ ಹಚ್ಚಬ್ಯಾಡ್ರಿ ಎಂದು ಊರವರಿಗೆ ಹೇಳುವವರು ತಾವೇ ಅದನ್ನು ಹಂಚಿಕೊಂಡು ಉಣ್ಣುತ್ತಿದ್ದರು.

ಸ್ವಾತಂತ್ರ್ಯಾನಂತರ ಕಾನೂನುಗಳು ಬಂದವು. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾದವು. 1955ರ ಇನಾಮು ರದ್ದತಿ ಕಾಯ್ದೆ ಇತರ ಇನಾಮುಗಳನ್ನು ಮುಗಿಸಿತು, ಆದರೆ ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗಳ ಇನಾಮುಗಳನ್ನು ಹೊರಗಿಟ್ಟಿತು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿಗೆ ಕೊಟ್ಟ ಜಮೀನು ಸರಕಾರಕ್ಕೆ ಸೇರಿ, ಉಳುವವನು ಒಡೆಯನಾಗಲು ಅರ್ಜಿ ಹಾಕಬಹುದಾಯಿತು; ಜಮೀನು ಹೋದ ದೇವಸ್ಥಾನಗಳಿಗೆ ವರ್ಷಾಸನ, ತಸ್ತೀಕು ಎಂದು ಹಣ ಗೊತ್ತಾಯಿತು. ಒಂದು ಕಾಯ್ದೆ ಧರ್ಮದ ನೆಲ ಹಾಗೇ ಇರಲಿ ಎಂದಿತು, ಇನ್ನೊಂದು ಉಳುವವನದು ಎಂದಿತು. ವಕ್ಫ್ ಕಾನೂನು ಇವೆರಡರ ಮೇಲೆ ನಿಂತು, ಒಮ್ಮೆ ವಕ್ಫ್ ಆದ ನೆಲ ಪಟ್ಟಾ ಸಿಕ್ಕಿದ ಮಾತ್ರಕ್ಕೆ ಬೇರೆ ಆಗುವುದಿಲ್ಲ ಎಂದಿತು. ಸುಪ್ರೀಂ ಕೋರ್ಟು ಆಂಧ್ರದ ಒಂದು ದರ್ಗಾ ಜಮೀನಿನ ಮೊಕದ್ದಮೆಯಲ್ಲಿ 1998ರಲ್ಲಿ ಇದನ್ನೇ ಎತ್ತಿಹಿಡಿಯಿತು. ಮೂರೂ ಮಾತು ತಮ್ಮ ತಮ್ಮ ಮಟ್ಟಿಗೆ ಸರಿ. ಮೂರರ ನಡುವೆ ಸಿಕ್ಕಿಕೊಂಡವನು ತೊಗರಿ, ಉದ್ದು, ಹೆಸರು ಬಿತ್ತುವ ಮನುಷ್ಯ.

2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದಿಂದ ಎದ್ದ ಗದ್ದಲವನ್ನು ಇಲ್ಲಿ ನೆನೆಯಬೇಕು. ರೈತರ ಪಹಣಿಯ 11ನೆಯ ಕಾಲಮ್ಮಿನಲ್ಲಿ ವಕ್ಫ್ ಎಂಬ ನಮೂದು ಬಂದದ್ದೇ ತಡ, ಊರೂರಿನಲ್ಲಿ ಭಯ ಹರಡಿತು. ಕೊನೆಗೆ ಮುಖ್ಯಮಂತ್ರಿಗಳು ನೋಟೀಸುಗಳನ್ನು ಹಿಂಪಡೆಯುವಂತೆ, ಯಾವ ರೈತನನ್ನೂ ಒಕ್ಕಲೆಬ್ಬಿಸದಂತೆ ಆದೇಶಿಸಬೇಕಾಯಿತು. ಆ ಗದ್ದಲದಲ್ಲಿ ರಾಜಕೀಯ ಬೆಳೆ ತೆಗೆದವರ ಬಗ್ಗೆ ಸಾಕಷ್ಟು ಬರೆದಾಗಿದೆ. ನಮ್ಮವರು ಕೊಟ್ಟ ಉತ್ತರದ ಬಗ್ಗೆ ಕಡಿಮೆ ಬರೆದಿದ್ದಾರೆ. ನಮ್ಮ ವೇದಿಕೆಗಳಲ್ಲಿ ಕೇಳಿದ ಮಾತು ಹೆಚ್ಚಾಗಿ ಒಂದೇ: ವಕ್ಫ್ ಅಲ್ಲಾಹನ ಆಸ್ತಿ, ಅದನ್ನು ಮುಟ್ಟುವಂತಿಲ್ಲ. ಮಾತು ನಿಜ. ಆದರೆ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷರಾಗಿದ್ದ ಅನ್ವರ್ ಮಾಣಿಪ್ಪಾಡಿ 2012ರಲ್ಲಿ ಸರಕಾರಕ್ಕೆ ವರದಿ ಕೊಟ್ಟಾಗ, ಅದರಲ್ಲಿದ್ದ ಆರೋಪಗಳ ಬೆರಳು ರೈತರ ಕಡೆಗಿರಲಿಲ್ಲ. ಅದು ತೋರಿಸಿದ್ದು ರಾಜಕಾರಣಿಗಳನ್ನು, ಮಂಡಳಿಯವರನ್ನು, ನಗರದ ಬೆಲೆಬಾಳುವ ನೆಲ ನುಂಗಿದವರನ್ನು. ಆ ವರದಿಯ ಅಂಕಿಗಳ ಬಗ್ಗೆ ವಾದ ಇರಬಹುದು, ಇದ್ದೇ ಇದೆ. ನಗರದ ನಿವೇಶನ ಕೈಬಿಟ್ಟುಹೋದಾಗ ನಿದ್ದೆ ಮಾಡಿದ ಪಾವಿತ್ರ್ಯ, ಹಳ್ಳಿಯ ನಾಲ್ಕೆಕರೆಯ ಹತ್ತಿರ ಬಂದಾಗ ಎಚ್ಚರವಾಗುವುದು ಖೈಬರಿನ ಪಾವಿತ್ರ್ಯವಲ್ಲ.

2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಕುರಿತು ಈ ಲೇಖನದಲ್ಲಿ ವಿವರವಾಗಿ ಹೇಳಲು ಸ್ಥಳವಿಲ್ಲ. ಒಂದು ಮಾತು ಮಾತ್ರ. ಒಂದು ನೆಲ ವಕ್ಫೋ ಸರಕಾರಿಯೋ ಎಂಬುದನ್ನು ಸರಕಾರದ ಅಧಿಕಾರಿಯೇ ತೀರ್ಮಾನಿಸುವ ಏರ್ಪಾಟು, ತಂಟೆಯ ಒಂದು ಪಕ್ಷದವನನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸುವಂಥದ್ದು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶದಲ್ಲಿ ತಡೆಹಿಡಿದ ಅಂಶಗಳಲ್ಲಿ ಇದಕ್ಕೆ ಸಂಬಂಧಿಸಿದ್ದೂ ಇದೆ. ಯೆಹೆಜ್ಕೇಲನ ಭಾಷೆಯಲ್ಲಿ ಹೇಳಿದರೆ, ಪ್ರಭುವಿನ ಹೊಸ್ತಿಲು ಚೌಕದ ಒಳಗೆ ಬಂತು.

ಮಾರಬಾರದ ನೆಲ ಎಂದ ಮಾತ್ರಕ್ಕೆ ಅದು ನ್ಯಾಯದ ನೆಲ ಆಗುವುದಿಲ್ಲ ಎಂಬುದಕ್ಕೆ ಈ ಪ್ರವಾದಿಯ ದೇಶವೇ ಸಾಕ್ಷಿ. 1901ರಲ್ಲಿ ಸ್ಥಾಪನೆಯಾದ ಯಹೂದಿ ರಾಷ್ಟ್ರೀಯ ನಿಧಿ ಪ್ಯಾಲೆಸ್ತೀನಿನಲ್ಲಿ ನೆಲ ಕೊಂಡು, ಅದನ್ನು ಎಂದೂ ಮಾರುವುದಿಲ್ಲ, ಗೇಣಿಗೆ ಮಾತ್ರ ಕೊಡುತ್ತೇವೆ ಎಂಬ ನಿಯಮ ಮಾಡಿಕೊಂಡಿತು. ಆಧಾರ ಯಾಜಕಕಾಂಡದ ಅದೇ ಮಾತು, ನೆಲ ದೇವರದು ಎಂಬುದು. ಗೇಣಿ ಮಾತ್ರ ಯಹೂದಿಗಳಿಗೆ. ಇಸ್ರೇಲಿನ ಸುಮಾರು 93 ಶೇಕಡಾ ನೆಲ ಹೀಗೆ ಸರಕಾರ ಮತ್ತು ಈ ನಿಧಿಯ ಕೈಯಲ್ಲಿದೆ, ಬಹುಪಾಲು ಮಾರಾಟಕ್ಕಿಲ್ಲ. ಅಲ್ಲಿಯೇ ಹುಟ್ಟಿದ ಅರಬನಿಗೆ ಆ ಪಾವಿತ್ರ್ಯ ಬಾಗಿಲು ಮುಚ್ಚುವ ಅಗುಳಿ. ಯೆಹೆಜ್ಕೇಲನ 47ನೆಯ ಅಧ್ಯಾಯದ ಗಡಿರೇಖೆಗಳನ್ನು ಭೂಪಟದ ಮೇಲೆ ಎಳೆದು ತೋರಿಸುವ ನೆಲೆಸಿಗರು ಅದೇ ಅಧ್ಯಾಯದ ಕೊನೆಯ ಎರಡು ವಚನಗಳನ್ನು ಓದುವುದಿಲ್ಲ. ನಿಮ್ಮ ನಡುವೆ ನೆಲೆಸಿ ಮಕ್ಕಳನ್ನು ಹೆತ್ತ ಪರದೇಶಿಯನ್ನು ಸ್ವದೇಶಿಯಂತೆ ಎಣಿಸಬೇಕು, ಅವನು ಯಾವ ಕುಲದ ನಡುವೆ ಇದ್ದಾನೋ ಅಲ್ಲಿಯೇ ಅವನಿಗೆ ನೆಲದ ಪಾಲು ಕೊಡಬೇಕು ಎಂದು ಅಲ್ಲಿದೆ. 'ಗೇರ್' ಎಂಬ ಆ ಹೀಬ್ರೂ ಪದ ಅರಬಿಯ 'ಜಾರ್' ಎಂಬುದರ ನಂಟಿನದು. ಜಾರ್ ಎಂದರೆ ನೆರೆಯವನು.

ಇಲ್ಲಿ ಯೆಹೆಜ್ಕೇಲನನ್ನು ಪೂರಾ ಹೊಗಳಿ ಮುಗಿಸುವಂತೆಯೂ ಇಲ್ಲ. ಪರದೇಶಿಗೆ ಹೊಲ ಕೊಡುವ ಇದೇ ಪ್ರವಾದಿ 44ನೆಯ ಅಧ್ಯಾಯದಲ್ಲಿ ಸುನ್ನತಿಯಾಗದ ಪರಕೀಯ ಪವಿತ್ರ ಸ್ಥಳದೊಳಗೆ ಕಾಲಿಡಬಾರದು ಎನ್ನುತ್ತಾನೆ. ಚಾದೋಕನ ವಂಶದ ಯಾಜಕರನ್ನು ಮೇಲೆ ಕೂರಿಸಿ, ಉಳಿದ ಲೇವಿಯರನ್ನು ಹಳೆಯ ತಪ್ಪಿನ ನೆಪದಲ್ಲಿ ಬಾಗಿಲು ಕಾಯುವ, ಬಲಿಪಶು ಕೊಯ್ಯುವ ಕೆಲಸಕ್ಕೆ ಇಳಿಸುತ್ತಾನೆ. ಮಡಿಯ ಮೆಟ್ಟಿಲುಗಳು, ಯಾರು ಎಲ್ಲಿಯವರೆಗೆ ಬರಬಹುದು ಎಂಬ ಗೆರೆಗಳು ನಮಗೆ ಚೆನ್ನಾಗಿ ಗೊತ್ತಿರುವಂಥವು. ವ್ಯತ್ಯಾಸ ಇಷ್ಟೇ: ಅವನ ನಕ್ಷೆಯಲ್ಲಿ ಗುಡಿಯೊಳಗೆ ಬಿಡದವನಿಗೂ ಹೊಲವಿದೆ. ನಮ್ಮ ಹಳ್ಳಿಗಳಲ್ಲಿ ಗುಡಿಯೊಳಗೆ ಬಿಡದವನಿಂದಲೇ ಗುಡಿಯ ಹೊಲ ಉಳಿಸಿಕೊಂಡರು, ಹೊಲವನ್ನೂ ಕೊಡಲಿಲ್ಲ. ಬೀದರ್ ಜಿಲ್ಲೆಯ ಮೆಥೋಡಿಸ್ಟ್ ಸಭೆಗಳಲ್ಲಿ ಈ ಗ್ರಂಥವನ್ನು ಕನ್ನಡದಲ್ಲಿ ಓದುವವರು ಬಹುಪಾಲು ಆ ಕೇರಿಗಳಿಂದಲೇ ಬಂದವರು. 25,000 ಮೊಳದ ಲೆಕ್ಕ ಅವರ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ವ್ಯಾಖ್ಯಾನಕಾರರು ವಿಚಾರಿಸಿದಂತಿಲ್ಲ.

ಈ ನಕ್ಷೆ ಎಂದೂ ನೆಲಕ್ಕೆ ಇಳಿಯಲಿಲ್ಲ. ಸೆರೆಯಿಂದ ಮರಳಿದವರು ಕ್ರಿ.ಪೂ. 515ರ ಸುಮಾರಿಗೆ ದೇವಾಲಯ ಕಟ್ಟಿದರು, ಆದರೆ ಚೌಕ ಅಳೆಯಲಿಲ್ಲ. ನೆಹೆಮೀಯನ ಕಾಲಕ್ಕೆ ಬಡವರು ಹೊಲ, ದ್ರಾಕ್ಷಿತೋಟ ಅಡವಿಟ್ಟು ಕಾಳು ತರುತ್ತಿದ್ದರು. ಲೇವಿಯರಿಗೆ ಬರಬೇಕಾದ ಪಾಲು ಬಾರದೆ ಅವರು ಸೇವೆ ಬಿಟ್ಟು ತಂತಮ್ಮ ಹೊಲಗಳಿಗೆ ಓಡಿಹೋಗಿದ್ದರು. ಹೊಲವೇ ಇರಬಾರದಿದ್ದವರಿಗೆ ಹೊಲ ಬಂದಿತ್ತು. ಇನ್ನೂ ಐದು ಶತಮಾನ ಮುಂದೆ ಹೋದರೆ ಯಾಜಕ ಮನೆತನದವನೇ ಆದ ಇತಿಹಾಸಕಾರ ಜೋಸೆಫಸ್ ಸಿಗುತ್ತಾನೆ. ಕ್ರಿ.ಶ. 70ರಲ್ಲಿ ಜೆರೂಸಲೇಮ್ ಬಿದ್ದ ಮೇಲೆ ಅಲ್ಲಿದ್ದ ತನ್ನ ಜಮೀನುಗಳಿಂದ ಇನ್ನು ಲಾಭವಿಲ್ಲವೆಂದು ರೋಮಿನ ಟೈಟಸ್ ತನಗೆ ಬಯಲುಸೀಮೆಯಲ್ಲಿ ಬದಲಿ ಜಮೀನು ಕೊಟ್ಟ ಸಂಗತಿಯನ್ನು ಅವನೇ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ದೇವಾಲಯ ಸುಟ್ಟವನ ಕೈಯಿಂದ ಯಾಜಕನಿಗೆ ಇನಾಮು. ಅದೇ ದಂಗೆ 66ರಲ್ಲಿ ಶುರುವಾದಾಗ ಬಂಡಾಯಗಾರರು ಮಹಾಯಾಜಕನ ಮನೆಗೆ ಬೆಂಕಿ ಇಟ್ಟು, ಅದರ ಬೆನ್ನಿಗೇ ಸಾಲಪತ್ರಗಳ ದಫ್ತರವನ್ನೂ ಸುಟ್ಟರೆಂದು ಹೇಳುವವನೂ ಅವನೇ.

ಉಮರ್(ರ) ಖಲೀಫರಾದ ಮೇಲೆ ಸಾರ್ವಜನಿಕ ದನಕರುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲಿಗೆ, ಹಿಮಾಕ್ಕೆ, ಹುನೈ ಎಂಬ ಆಳನ್ನು ಕಾವಲಿಗೆ ಇಟ್ಟರು. ಅವನಿಗೆ ಕೊಟ್ಟ ತಾಕೀತು ಬುಖಾರಿಯಲ್ಲಿದೆ. ಕೆಲವೇ ಒಂಟೆ, ಕೆಲವೇ ಕುರಿ ಇರುವವನನ್ನು ಒಳಗೆ ಬಿಡು. ಇಬ್ನ್ ಔಫ್, ಇಬ್ನ್ ಅಫ್ಫಾನ್ ಇಂಥವರ ದೊಡ್ಡ ಹಿಂಡುಗಳನ್ನು ಹತ್ತಿರ ಬಿಡಬೇಡ, ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟ, ಹೊಲಗಳಿವೆ. ಬಡವನದು ಸತ್ತರೆ ಅವನು ಮಕ್ಕಳನ್ನು ಕರಕೊಂಡು ನನ್ನ ಬಾಗಿಲಿಗೆ ಬರುತ್ತಾನೆ ಎಂಬುದು ಅದರ ಸಾರ. ಹೆಸರಿಸಿದ ಇಬ್ಬರೂ ಪ್ರವಾದಿ(ಸ)ಯವರ ಹತ್ತಿರದ ಸಂಗಾತಿಗಳು, ಸ್ವರ್ಗದ ಸುವಾರ್ತೆ ಪಡೆದವರು. ಮೀಸಲು ನೆಲದ ಬೇಲಿಯಲ್ಲಿ ಅವರ ಪುಣ್ಯ ಲೆಕ್ಕಕ್ಕೆ ಬರಲಿಲ್ಲ.

ವಕ್ಫ್ ಕಾಯ್ದೆಯಂತೆ ಇಡಬೇಕಾದ ನೋಂದಣಿ ಪುಸ್ತಕದಲ್ಲಿ ವಕ್ಫ್‌ನ ವರ್ಗ, ಮುತವಲ್ಲಿಯ ಹೆಸರು, ಮುತವಲ್ಲಿತನದ ವಾರಸಿಕೆಯ ನಿಯಮ, ಆಸ್ತಿಯ ವಿವರ, ಆಡಳಿತ ಮತ್ತು ಖರ್ಚಿನ ಯೋಜನೆ ಎಂದೆಲ್ಲ ಕೇಳಲಾಗುತ್ತದೆ. ಆ ಹೊಲವನ್ನು ಈಗ ಉಳುತ್ತಿರುವವರು ಯಾರು ಎಂಬ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ಪಹಣಿಯಲ್ಲಿ ಆ ಹೆಸರಿಗೆ ಜಾಗವಿದೆ. ಹೊನವಾಡದಲ್ಲಿ ವಕ್ಫ್ ಎಂದು ಬರೆದ 11ನೆಯ ಕಾಲಮ್ಮಿನ ಪಕ್ಕದಲ್ಲೇ, 12ನೆಯದರಲ್ಲಿ. ಯೆಹೆಜ್ಕೇಲನೂ 48ನೆಯ ಅಧ್ಯಾಯದಲ್ಲಿ ಅಳತೆಯೆಲ್ಲ ಮುಗಿಯುವ ಹೊತ್ತಿಗೆ ಪಟ್ಟಣದ ಪಕ್ಕದ ಹೊಲಗಳ ಕಡೆಗೆ ತಿರುಗಿ, ಅವುಗಳನ್ನು ಎಲ್ಲ ಕುಲಗಳಿಂದ ಬಂದ ಕೆಲಸಗಾರರು ಉಳಬೇಕು, ಬೆಳೆ ಆ ಕೆಲಸಗಾರರ ಊಟಕ್ಕೇ ಹೋಗಬೇಕು ಎಂದು ಎರಡು ವಚನಗಳಲ್ಲಿ ಬರೆಯಿಸಿ, ಮತ್ತೆ ಅಳತೆಗೆ ಮರಳುತ್ತಾನೆ.